ಎರವಲು ಉಸಿರು

ನನ್ನ ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಯನ್ನು ಸೂಜಿ ಚುಚ್ಚಿ ಸುಟ್ಟ ದಿನ, ಎದೆ ಅಲುಗಬಾರದೆಂದು ಅರ್ಧ ಗಂಟೆ ನನ್ನ ಬದಲು ಬೇರೊಬ್ಬರು ಉಸಿರಾಡಿದ್ದರು. ಇಬ್ಬರೂ ಬೆಳಗಿನಿಂದ ಉಪವಾಸವಿದ್ದು, ಪರದೆಯ ಆಚೆ ಈಚೆ ಮಲಗಿದ್ದೆವು. ಯಾರೆಂದು ಕೇಳುವಂತಿರಲಿಲ್ಲ, ಅದು ಆ ಹೊಸ ಚಿಕಿತ್ಸೆಯ ಸಂಶೋಧನೆಯ ನಿಯಮ. ಆದರೆ ಎರವಲು ಉಸಿರಿನ ಲಯ ಎದೆಯಲ್ಲಿ ಉಳಿದುಬಿಡುತ್ತದೆ, ಪಡೆದವರಿಗೂ ಕೊಟ್ಟವರಿಗೂ ಹಾಗೇ.

ಮೊನ್ನೆ ಹುಬ್ಬಳ್ಳಿಯಲ್ಲಿ ತಂಗಿಯ ಮಗಳ ಮದುವೆ. ಶಹನಾಯಿ ಊದುತ್ತಿದ್ದ ಮುದುಕರು ಉಸಿರೆಳೆದಾಗಲೆಲ್ಲ ನನ್ನ ಎದೆಯೂ ತಾನಾಗಿ ಉಬ್ಬತೊಡಗಿತು. ಅವರೂ ಊದುತ್ತಲೇ ನನ್ನನ್ನು ದಿಟ್ಟಿಸಿದರು.

ಊಟದ ಪಂಕ್ತಿಯಲ್ಲಿ ಬಡಿಸುತ್ತ ನಾನು ಅವರ ಎಲೆಯ ಮುಂದೆ ಬಂದು ಬಾಗಿದೆ.

"ಇನ್ನೊಂದ ಹೋಳಿಗಿ ಹಾಕ್ಲೇನ್ರಿ, ಮಾಸ್ತರ?" ಎಂದೆ. ಎಲೆಯಲ್ಲಿ ಆಗಲೇ ನಾಲ್ಕಿದ್ದವು.

"ಹಾಕ್ರಿ, ಅಕ್ಕಾರ," ಎಂದರು ಅವರು. "ಆವತ್ತ ಇಬ್ರೂ ಉಪಾಸ ಇದ್ವಿ."