ಒಳ್ಳೆ ಮೌನ

"ನಿಮ್ಮ ಎಲ್ಲಾ ಕಾರ್ಯಕ್ರಮಗಳಲ್ಲೂ ಒಂದು ಸದ್ದಿದೆ," ಎಂದ ದೊಡ್ಡ ಕಂಪನಿಯವನು ಫೋನಿನಲ್ಲಿ. "ಗಿಡ ಬೆಳೆಸೋದ್ರಲ್ಲೂ ಇದೆ, ಹೃದಯದ ಡಾಕ್ಟರ್ ಮಾತಾಡೋದ್ರಲ್ಲೂ ಇದೆ. ಮಾತು ನಿಂತ ಕಡೆಯೆಲ್ಲ ಸಣ್ಣಗೆ ಏನೋ ಕೇಳತ್ತೆ. ಅದನ್ನ ಒರೆಸಿ ಕೊಡ್ತೀವಿ ಅನ್ನಿ, ನಾಲ್ಕು ಗಂಟೆಗೆ ಸಹಿ. ನಾಲ್ಕು ದಾಟಿದ್ರೆ ನಮ್ಮವರು ಬೇರೆಯವರ ಹತ್ರ ಹೋಗ್ತಾರೆ, ಬೇಜಾರು ಮಾಡ್ಕೋಬೇಡಿ."

ಬೀರು ಅಕ್ಕ ಗಡಿಯಾರ ನೋಡಿದಳು. ಮೂರೂಕಾಲು. ಆಫೀಸಿನವರು ಅವಳನ್ನು ಹಾಗೆ ಕರೆಯುತ್ತಿದ್ದುದಕ್ಕೆ ಕಾರಣವಿತ್ತು. ಎಂಟು ವರ್ಷದ ಹಿಂದೆ ಅವಳು ಬಟ್ಟೆ ಬೀರುವಿನೊಳಗೆ ಕೂತು, ಕೋಟು ಶಾಲುಗಳ ನಡುವೆ ತಲೆ ತೂರಿಸಿ, ಮೊಬೈಲಿಗೆ ಕತೆ ಹೇಳಲು ಶುರು ಮಾಡಿದ್ದಳು. ಮೊದಲ ಪಾಡ್‌ಕಾಸ್ಟಿಗೆ ಹನ್ನೊಂದು ಜನ ಕೇಳುಗರು. ಅದರಲ್ಲಿ ನಾಲ್ವರು ಅವಳ ಚಿಕ್ಕಮ್ಮಂದಿರು. ಒಂದು ಕಾರ್ಯಕ್ರಮ ಮೂರಾಯಿತು, ಮೂರು ನಲವತ್ತಾಯಿತು, ಬೀರು ಹೋಗಿ ಗಾಜಿನ ಗೋಡೆಯ ಆಫೀಸು ಬಂತು. ಈಗ ಜಾಹೀರಾತುಗಳು ಒಂದೊಂದಾಗಿ ಕೈತಪ್ಪುತ್ತಿದ್ದವು. ದೊಡ್ಡ ಕಂಪನಿ ತಮ್ಮನ್ನು ಸೇರಿಸಿಕೊಳ್ಳದಿದ್ದರೆ ಬರುವ ತಿಂಗಳು ಆರು ಕಾರ್ಯಕ್ರಮ ನಿಲ್ಲಿಸಬೇಕು. ಯಾವ ಆರು ಎಂಬ ಚೀಟಿ ಅವಳ ಮೇಜಿನ ಡ್ರಾಯರಿನಲ್ಲೇ ಇತ್ತು.

"ಏನೋ ಅದು ಸದ್ದು?" ಎಂದು ಅವಳು ಕತ್ತರಿಯನ್ನು ಕೇಳಿದಳು. ಧ್ವನಿ ಕತ್ತರಿಸಿ ಜೋಡಿಸುವವನಿಗೆ ಆಫೀಸಿನಲ್ಲಿ ಅದೇ ಹೆಸರು. ಮೊದಲ ದಿನದಿಂದಲೂ ಇದ್ದವನು. ತಲೆಯ ಮುಂಭಾಗ ಬೋಳಾಗಿದ್ದು ಇಲ್ಲೇ.

"ನನ್ನದೇ ತಪ್ಪು ಅಕ್ಕ," ಎಂದು ಅವನು ಕತ್ತು ತುರಿಸಿಕೊಂಡ. "ಕೆಮ್ಮು, ತೊದಲು ತೆಗೆದಾಗ ಜಾಗ ಖಾಲಿ ಆಗತ್ತಲ್ಲ, ಅಲ್ಲಿ ಆ ರೂಮಿನ ಮೌನ ತುಂಬಬೇಕು. ಈ ಗಾಜಿನ ರೂಮಿನ ಮೌನ ಒಳ್ಳೇದಲ್ಲ ಅಕ್ಕ, ಪ್ಲಾಸ್ಟಿಕ್ ತರ ಇರತ್ತೆ. ಹಳೇ ಕಾಲದ್ದು ಅರ್ಧ ನಿಮಿಷ ಇತ್ತು. 'ಒಳ್ಳೆ ಮೌನ' ಅಂತ ಹೆಸರಿಟ್ಟು ತೆಗೆದಿಟ್ಟಿದ್ದೆ. ಅದನ್ನೇ ಹಾಕಿದೆ."

"ಯಾವುದಕ್ಕೆ?"

"ಎಲ್ಲಾದಕ್ಕೂ. ಎಂಟು ವರ್ಷದಿಂದ."

"ನಿನ್ನ ತಲೆ!" ಎಂದಳು ಬೀರು ಅಕ್ಕ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಮಗಳು ಶಾಲೆಯಿಂದ ಬಂದಳು. ಒಂಬತ್ತು ವರ್ಷ. ಈಚೆಗೆ ಅಮ್ಮನಿಗೆ ಅವಳಿಂದ ಸಿಗುತ್ತಿದ್ದುದು ಹೂಂ ಮತ್ತು ಉಹೂಂ ಮಾತ್ರ. ಮನೆಯಲ್ಲಿ ತನ್ನ ಕೋಣೆಯ ಬಾಗಿಲನ್ನೂ ಹಾಕಿಕೊಳ್ಳತೊಡಗಿದ್ದಳು. ಚೀಲವನ್ನು ಧೊಪ್ಪನೆ ಹಾಕಿ, ಕತ್ತರಿಯ ಕುರ್ಚಿಯಲ್ಲಿ ಕೂತು, ಕೇಳದೆಯೇ ಹೆಡ್‌ಫೋನು ಏರಿಸಿಕೊಂಡಳು. ಕಂಪ್ಯೂಟರ್ ಪರದೆಯ ಮೇಲೆ ಧ್ವನಿಯ ಗೆರೆ ಪುಟ್ಟ ಪುಟ್ಟ ದಿಬ್ಬಗಳಾಗಿ ಹರಿಯುತ್ತಿತ್ತು. ಒಂದು ದಿಬ್ಬ, ಸ್ವಲ್ಪ ಬಯಲು, ಮತ್ತೊಂದು ದಿಬ್ಬ.

"ಅಮ್ಮ, ಯಾರೋ ಮಲಗಿದಾರೆ," ಎಂದಳು.

ಬೀರು ಅಕ್ಕ ಹೆಡ್‌ಫೋನು ಇಸಿದುಕೊಂಡಳು. ಗಾಜಿನ ಗೋಡೆ ಮೆಲ್ಲಗೆ ಕರಗಿತು. ಮಧ್ಯಾಹ್ನದ ಬಿಸಿಲು, ನುಸಿಗುಳಿಗೆಯ ವಾಸನೆ, ಕೆನ್ನೆಗೆ ತಾಗುವ ಉಣ್ಣೆಯ ಶಾಲು. ಬೀರುವಿನ ಬಾಗಿಲು ನಾಲ್ಕು ಬೆರಳಷ್ಟು ತೆರೆದಿದೆ; ಆ ಸಂದಿನಲ್ಲಿ ಹಾಸಿಗೆ ಕಾಣಬೇಕು, ಇಲ್ಲದಿದ್ದರೆ ಅವಳಿಗೆ ಕತೆ ಬಾಯಿಗೆ ಬರುವುದಿಲ್ಲ. ಕಿಟಕಿಯ ಪರದೆ ಉಬ್ಬುತ್ತದೆ, ಇಳಿಯುತ್ತದೆ. ಹಾಸಿಗೆಯ ಮೇಲೆ ಒಂದು ವರ್ಷದ ಕೂಸು, ಮೂಗು ಕಟ್ಟಿದೆ. ಉಸಿರು ಒಳಗೆ ಹೋಗಿ, ಒಂದು ಕ್ಷಣ ಅಲ್ಲೇ ಆಟವಾಡಿ, ಸಣ್ಣ ಶಿಳ್ಳೆಯಾಗಿ ಹೊರಗೆ ಬರುತ್ತದೆ.

"ಯಾರಮ್ಮ ಅದು?"

"ನೀನೇ ಕಣೆ."

ಮಗಳು ಹೆಡ್‌ಫೋನು ಕಿತ್ತುಕೊಂಡು ಮತ್ತೆ ಕೇಳಿದಳು. "ನಲವತ್ತರಲ್ಲೂ ನಾನು ಮಲಗಿದೀನಾ?"

"ಹೃದಯದ ಡಾಕ್ಟರ್ ಪಕ್ಕದಲ್ಲೂ," ಎಂದ ಕತ್ತರಿ.

"ಗೊರಕೆ ಬೇರೆ ಹೊಡೀತಿದೀನಿ! ಶಾಲೇಲಿ ಯಾರಿಗೂ ಹೇಳ್ಬೇಡಿ ಮತ್ತೆ." ಹೀಗೆಂದವಳು ಹೆಡ್‌ಫೋನು ಮಾತ್ರ ತೆಗೆಯಲಿಲ್ಲ. ಕಾಲು ಮೇಲೆಳೆದುಕೊಂಡು ಕುರ್ಚಿಯಲ್ಲಿ ಮುದುಡಿದಳು.

"ಬೇಗ ಆಗತ್ತೆ ಅಕ್ಕ, ಒಂದೇ ಬಟನ್ನು," ಎಂದು ಕತ್ತರಿ ದನಿ ತಗ್ಗಿಸಿದ. "ಫೈಲು ನಮ್ಮ ಹತ್ರಾನೇ ಇರತ್ತೆ. ಕೇಳೋರ ಕಿವಿಯಿಂದ ಮಾತ್ರ ತೆಗೀತೀನಿ. ಒತ್ತಲಾ?"

ಕೇಳೋರ ಕಿವಿ. ಅವಳಿಗೆ ಕೇಳುಗರ ಕಾಗದಗಳು ನೆನಪಾದವು. ಬೇರೆ ಊರಿನಲ್ಲಿ ಒಂಟಿಯಾಗಿರುವ ಒಬ್ಬ ನರ್ಸು ಬರೆದಿದ್ದಳು: 'ನೀವು ಮಾತು ನಿಲ್ಲಿಸಿದಾಗ ಪಕ್ಕದಲ್ಲಿ ಯಾರೋ ಇದ್ದ ಹಾಗಿರತ್ತೆ.' ಲಾರಿ ಓಡಿಸುವವನೊಬ್ಬ ಬರೆದಿದ್ದ: 'ಗಿಡದ ವಿಷಯ ನನಗೇಕೆ ಬೇಕು ಹೇಳಿ? ಸುಮ್ಮನೆ ಹಾಕಿಕೊಳ್ಳುತ್ತೇನೆ, ಮನೆಯಲ್ಲಿದ್ದ ಹಾಗಾಗುತ್ತದೆ.' ಇಷ್ಟು ದಿನ ಅವಳು ಅದನ್ನೆಲ್ಲ ತಮ್ಮ ಮಾತಿನ ಹೊಗಳಿಕೆ ಎಂದು ತಿಳಿದಿದ್ದಳು.

ಡ್ರಾಯರು ಎಳೆದು ಚೀಟಿ ನೋಡಿದಳು. ನಿಲ್ಲಿಸಬೇಕಾದ ಆರು ಹೆಸರುಗಳಲ್ಲಿ ಮೊದಲನೆಯದನ್ನು ಹೊಡೆದುಹಾಕಿ, ಆ ಜಾಗದಲ್ಲಿ ತನ್ನ ಕತೆಗಳ ಕಾರ್ಯಕ್ರಮದ ಹೆಸರು ಬರೆದಳು. ಉಳಿದ ಐದನ್ನು ಎಷ್ಟು ಹೊತ್ತು ನೋಡಿದರೂ ಅವು ಅಳಿಯಲಿಲ್ಲ. ಕತ್ತರಿ ಚೀಟಿ ನೋಡಿ ಬಟನ್ನಿನಿಂದ ಬೆರಳು ತೆಗೆದ.

ಸರಿಯಾಗಿ ನಾಲ್ಕಕ್ಕೆ ಫೋನು ಬಂತು. ಕುರ್ಚಿಯಲ್ಲಿ ಮಗಳ ಕಣ್ಣು ಮುಚ್ಚಿತ್ತು. ಒಂದು ಶೂ ಕಾಲಿಂದ ಜಾರಿ ಬೆರಳ ತುದಿಯಲ್ಲಿ ತೂಗುತ್ತಿತ್ತು. ಪರದೆಯ ಮೇಲೆ ದಿಬ್ಬ ಏರಿದಾಗ ಅವಳ ಎದೆಯೂ ಏರುತ್ತಿತ್ತು, ಇಳಿದಾಗ ಇಳಿಯುತ್ತಿತ್ತು.

"ಏನು ತೀರ್ಮಾನ ಮಾಡಿದ್ರಿ? ಒರೆಸ್ತೀರಿ ತಾನೆ?" ಎಂದು ಆ ಕಡೆಯವನು ಗಟ್ಟಿಯಾಗಿ ಕೇಳಿದ.

ಬೀರು ಅಕ್ಕ ಫೋನಿನ ಸುತ್ತ ಅಂಗೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿಕೊಂಡಳು.

"ಮೆಲ್ಲಗೆ," ಎಂದು ಪಿಸುಗುಟ್ಟಿದಳು. "ಮಗು ಮಲಗಿದೆ."