ವಿಜ್ಞಾನಿಯ ಎರಡನೇ ಮದುವೆ

ಟೀವಿಯಲ್ಲಿ ವಿಜ್ಞಾನಿ ಎರಡನೇ ಮದುವೆಗೆ ಹೊರಟ ಭಾನುವಾರವೇ, ಮಂಚೇನಹಳ್ಳಿಯ ಕದಿರಮ್ಮ ತಮ್ಮ ಮೊಮ್ಮಗಳು ಶೋಭಾರಾಣಿಯ ಮದುವೆಯನ್ನೂ ಗಟ್ಟಿ ಮಾಡಿಬಿಟ್ಟರು.

ಅದು ಇಂಗ್ಲಿಷ್ ಧಾರಾವಾಹಿ. ಬಾಚದ ತಲೆ, ಬಾಯಲ್ಲಿ ಪೈಪು, ಬೇಸರವಾದಾಗ ಕೈಯಲ್ಲಿ ಪಿಟೀಲು. ಲೋಕವೇ ತಲೆಬಾಗಿದ ಒಬ್ಬ ಭೌತವಿಜ್ಞಾನಿಯ ಜೀವನ ಕಥೆ. ಗೌರಿಬಿದನೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದ ಶೋಭಾರಾಣಿ ಅದನ್ನು ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಪೂಜೆ ಮುಗಿಸಿ ಬಂದು ಕೂರುವ ಅಜ್ಜಿಗೆ ಅರ್ಥ ಹೇಳುವ ಕೆಲಸವೂ ಅವಳದೇ. ಆ ದಿನ ಕಾಯಿಲೆ ಬಿದ್ದ ವಿಜ್ಞಾನಿಗೆ ಒಬ್ಬ ದಪ್ಪನೆಯ ಹೆಂಗಸು ಗಂಜಿ ಕುಡಿಸುತ್ತಿದ್ದಳು. ಯಾರೇ ಅವಳು ಎಂದು ಅಜ್ಜಿ ಕೇಳಿದರು. ಶೋಭಾರಾಣಿ ಪರದೆಯಿಂದ ಕಣ್ಣು ಕೀಳದೆ, "ಅವನ ಕಸಿನ್ನು. ಅವಳನ್ನೇ ಮದ್ವೆ ಆಗ್ತಾನೆ ಈಗ" ಎಂದಳು. ಎಂದಮೇಲೆ ನಾಲಿಗೆ ಕಚ್ಚಿಕೊಂಡಳು.

ಕದಿರಮ್ಮನವರಿಗೆ ಇಂಗ್ಲಿಷ್ ಬಾರದು. ಆದರೆ ಆ ಒಂದು ಪದ ಚೆನ್ನಾಗಿ ಗೊತ್ತಿತ್ತು. ಅವರ ಮಗಳು ಶ್ಯಾಮಲಮ್ಮನ ಮಗ ರಮೇಶ್‌ಬಾಬು ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಅವನ ಮಾತೆತ್ತಿದಾಗಲೆಲ್ಲ ಶೋಭಾರಾಣಿ ಕೊಡುತ್ತಿದ್ದ ಉತ್ತರ ಒಂದೇ: ಭಾವ ನನಗೆ ಕಸಿನ್ ಆಗಬೇಕು, ಕಸಿನ್‌ನನ್ನು ಮದುವೆಯಾಗುವುದನ್ನು ಸೈನ್ಸ್ ಒಪ್ಪುವುದಿಲ್ಲ. ಸೈನ್ಸ್ ಎಂದ ಕೂಡಲೇ ಅವಳ ಅಪ್ಪ, ಕದಿರಮ್ಮನವರ ಮಗ, ಸುಮ್ಮನಾಗುತ್ತಿದ್ದ.

ಸಂತೋಷವಾದರೆ ಕದಿರಮ್ಮನವರ ಬಾಯಿಗೆ ತೆಲುಗು ಬರುತ್ತಿತ್ತು. "ಚೂಸ್ತಿವಾ? ನೋಡಿದ್ಯಾ?" ಎಂದರು. "ಸೈನ್ಸ್ ಕಂಡುಹಿಡಿದೋರೇ ಕಸಿನ್‌ನ ಕಟ್ಕೊಂಡಿದಾರೆ. ನೀನು ಅವರಿಗಿಂತ ಹೆಚ್ಚು ಓದಿದೀಯೇನಮ್ಮ?"

ಅದುವರೆಗೆ 'ಅವನು' ಆಗಿದ್ದ ವಿಜ್ಞಾನಿ ಆ ಗಳಿಗೆಯಿಂದ ಅಜ್ಜಿಯ ಪಾಲಿಗೆ 'ಅವರು' ಆದರು. ಮೊದಲ ಹೆಂಡತಿಯನ್ನು ಬಿಟ್ಟವನು ಅವನು ಎಂದು ಶೋಭಾರಾಣಿ ನೆನಪಿಸಿದಳು. ಅದಕ್ಕೂ ಅಜ್ಜಿಯ ಬಳಿ ಉತ್ತರ ಸಿದ್ಧವಾಗಿತ್ತು. ಹೊರಗಿನ ಹೆಣ್ಣು ತಂದರು, ಬಾಳಲಿಲ್ಲ. ಸಂಬಂಧದಲ್ಲಿ ತಂದುಕೊಂಡರು, ಬಾಳಿತು. ಮಧ್ಯಾಹ್ನದ ಹೊತ್ತಿಗೆ ಮಗನನ್ನು ಒಪ್ಪಿಸಿದರು. ಮುಂದಿನ ಭಾನುವಾರವೇ ತಾಂಬೂಲ ಎಂದು ಮಗಳಿಗೆ ಹೇಳಿ ಕಳಿಸಿದರು.

ಅವರ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ. ಅವರ ಯಜಮಾನರು ಮುನಿವೆಂಕಟಪ್ಪನವರು ಹೋದ ಕಾರ್ತಿಕದಲ್ಲಿ ತೀರಿಕೊಂಡಿದ್ದರು. ಅವರು ಗಂಡನಾಗುವುದಕ್ಕೆ ಮುಂಚೆ ಸೋದರಮಾವ, ಇವರನ್ನು ಹೆಗಲ ಮೇಲೆ ಹೊತ್ತು ತಿರುಗಿದವರು. ಅವರು ಹೋದ ಮೇಲೆ ಸಂಜೆ ದೀಪ ಹಚ್ಚುವಾಗ ಮನೆ ಮನೆಯಂತೆ ಕಾಣಲು ಶೋಭಾರಾಣಿಯ ಗಲಾಟೆಯೊಂದೇ ಉಳಿದಿತ್ತು. ಶ್ಯಾಮಲಮ್ಮನ ಮನೆ ಪಕ್ಕದ ಬೀದಿಯಲ್ಲೇ ಇತ್ತು. ಬೇರೆ ಊರಿಗೆ ಕೊಟ್ಟರೆ ಹುಡುಗಿ ಹಬ್ಬಕ್ಕೊಮ್ಮೆ ಬರುವ ನೆಂಟಳಾಗುತ್ತಾಳೆ. ಎಂ.ಎಸ್ಸಿ. ಎಂದು ಹಾಸ್ಟೆಲ್ಲಿಗೆ ಹೋದರೂ ಅಷ್ಟೇ. ಇದೆಲ್ಲ ಶೋಭಾರಾಣಿಗೆ ತಿಳಿದಿತ್ತು. ಅದಕ್ಕೇ ಗಟ್ಟಿಯಾಗಿ ಜಗಳವಾಡಲು ಅವಳಿಗೆ ಬಾಯಿ ಬರಲಿಲ್ಲ. ಆದರೆ ತಾಂಬೂಲ ಬದಲಾಯಿಸಿಕೊಂಡರೆ ಎಂ.ಎಸ್ಸಿ. ಮಾತು ಅಲ್ಲಿಗೇ ಮುಗಿಯುತ್ತದೆ ಎಂಬುದೂ ತಿಳಿದಿತ್ತು. ಸೋಮವಾರ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಡಂ ಬಳಿ ಹೋಗಿ ವಿಜ್ಞಾನಿಯ ಮನೆತನ ವಿಚಾರಿಸಿಕೊಂಡು ಬಂದಳು.

ಭಾನುವಾರ ಶ್ಯಾಮಲಮ್ಮ ಹೂವು ಹಣ್ಣಿನ ತಟ್ಟೆಯೊಂದಿಗೆ ಮಗನನ್ನು ಕರೆದುಕೊಂಡು ಬಂದಳು. ಕದಿರಮ್ಮ ಇಬ್ಬರನ್ನೂ ಟೀವಿಯ ಎದುರಿಗೇ ಕೂರಿಸಿದರು. ಅಗೋ, ಅವರೇ, ಅತ್ತೆ ಮಗಳನ್ನು ಮದುವೆಯಾಗಿ ಎಷ್ಟು ಸುಖವಾಗಿದ್ದಾರೆ ನೋಡಿ ಎಂದು ಬೆರಳು ಮಾಡಿ ತೋರಿಸಿದರು. ಕಾಫಿ ತಂದ ಶೋಭಾರಾಣಿ ನಿಂತಳು.

"ಅತ್ತೆ ಮಗಳಲ್ಲ ಅಜ್ಜಿ. ಅವನ ತಾಯಿ, ಇವಳ ತಾಯಿ ಒಡಹುಟ್ಟಿದೋರು. ಇವಳು ಅವನಿಗಿಂತ ದೊಡ್ಡೋಳು ಬೇರೆ."

ಶ್ಯಾಮಲಮ್ಮ ಕೆನ್ನೆ ಮುಟ್ಟಿಕೊಂಡು ರಾಮ ರಾಮ ಎಂದಳು. ಕದಿರಮ್ಮ ಪರದೆಯ ಮೇಲಿನ ದಂಪತಿಗಳನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

"ಅಂದ್ರೆ ಅಕ್ಕ ಆಗ್ಬೇಕಲ್ಲೇ?"

"ಆಗ್ಬೇಕು. ಅವರ ಭಾಷೇಲಿ ಅತ್ತೆ ಮಗಳೂ ಕಸಿನ್ನು, ದೊಡ್ಡಮ್ಮನ ಮಗಳೂ ಕಸಿನ್ನು."

ಶ್ಯಾಮಲಮ್ಮ ತಟ್ಟೆಯನ್ನು ಸ್ವಲ್ಪ ತನ್ನ ಕಡೆಗೆ ಎಳೆದುಕೊಂಡಳು. ಕದಿರಮ್ಮ ಅದನ್ನು ಕಂಡರು. ವಿಜ್ಞಾನಿಯನ್ನು ಈಗ ಕೈಬಿಟ್ಟರೆ ಸಂಬಂಧವೂ ಕೈಬಿಟ್ಟು ಹೋಗುತ್ತದೆ. ಕಣ್ಣು ಮುಚ್ಚಿ, ಮನಸ್ಸಿನಲ್ಲೇ ದೇವರ ಕ್ಷಮೆ ಕೇಳಿಕೊಂಡು, ಮಾತು ಕೂಡಿಸಿಕೊಂಡರು.

"ಇರಲಿ ಬಿಡಮ್ಮ. ಹೆಸರೇ ಒಂದು ಅಂದ್ಮೇಲೆ ಭೇದ ಎಲ್ಲಿಂದ ಬಂತು? ಅತ್ತೆ ಮಕ್ಕಳಾದ್ರೇನು, ದೊಡ್ಡಮ್ಮನ ಮಕ್ಕಳಾದ್ರೇನು. ಎಲ್ಲಾ ಒಂದೇ."

"ಎಲ್ಲಾ ಒಂದೇನಾ ಅಜ್ಜಿ?"

"ಒಂದೇ ಕಣಮ್ಮ. ಅಷ್ಟು ಓದಿದೋರೇ ಒಪ್ಪಿದಾರಲ್ಲ."

ಶೋಭಾರಾಣಿ ತಲೆಯಾಡಿಸಿದಳು. ಮಾತು ಬಂದಾಗಿನಿಂದ ರಮೇಶ್‌ಬಾಬುವನ್ನು ಭಾವ ಎಂದೇ ಕರೆದವಳು, ಕಾಫಿಯ ತಟ್ಟೆಯನ್ನು ಅವನ ಮುಂದೆ ಹಿಡಿದಳು.

"ಕಾಫಿ ತಗೊಳ್ಳಣ್ಣ" ಎಂದಳು.

ಬಂದಾಗಿನಿಂದ ತುಟಿ ಬಿಚ್ಚದೆ ಕೂತಿದ್ದ ರಮೇಶ್‌ಬಾಬು, ತಾಯಿಯ ಮುಖವನ್ನಾಗಲಿ ಅಜ್ಜಿಯ ಮುಖವನ್ನಾಗಲಿ ನೋಡದೆ, ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದ.

"ಸಕ್ಕರೆ ಸ್ವಲ್ಪ ಕಮ್ಮಿ ಆಯ್ತು, ತಂಗಿ" ಎಂದ.