ಡ್ಯಾಂಪರ್ ಕೇಳಿದ್ದು

ಮೂರನೆಯ ಸಲವೂ ಡ್ಯಾಂಪರ್ ಕುದುರೆ ಅಡ್ಡಕೋಲಿನ ಮುಂದೆ ಬಂದು ನಿಂತುಬಿಟ್ಟಿತು. ಬೆನ್ನ ಮೇಲಿದ್ದ ಒಂಬತ್ತು ವರ್ಷದ ಬ್ರಯೋನಿ ಲಗಾಮನ್ನು ಎರಡೂ ಮುಷ್ಟಿಯಲ್ಲಿ ಎದೆಗೆ ಎಳೆದು ಹಿಡಿದಿದ್ದಳು.

"ಡ್ಯಾಂಪರ್‌ಗೆ ಇಷ್ಟ ಇಲ್ವಂತೆ ಮಿಸ್."

ಸವಾರಿ ಕಲಿಸುತ್ತಿದ್ದ ನೆರಿಡಾ ಬೇಲಿಯ ಕಡೆ ನೋಡಿದಳು. ಮಡಚುವ ಕುರ್ಚಿ ಹಾಕಿಕೊಂಡು ಪರೀಕ್ಷಕಿ ಹೀಥರ್ ಬರೆಯುತ್ತಿದ್ದರು. ಪರೀಕ್ಷೆ ಬ್ರಯೋನಿಯದಲ್ಲ, ನೆರಿಡಾಳದು. ಮಕ್ಕಳಿಗೆ ಸವಾರಿ ಕಲಿಸುವ ಪರವಾನಗಿಗೆ. ಹಗಲೆಲ್ಲ ಕುರಿಯ ಉಣ್ಣೆ ಕತ್ತರಿಸುವವರಿಗೆ ಅಡುಗೆ ಮಾಡಿ ಹಾಕಿ, ಎರಡು ವರ್ಷ ಸಂಜೆ ತರಗತಿಗೆ ಹೋಗಿದ್ದಳು. ಅವಳೇ ಬರೆದುಕೊಟ್ಟ ಪಾಠದ ಹಾಳೆಯ ಕೊನೆಯ ಸಾಲು: 'ಅರ್ಧ ಗಂಟೆಯೊಳಗೆ ಮಗು ಕುದುರೆಯನ್ನು ಮೊಣಕಾಲೆತ್ತರದ ಕೋಲಿನ ಮೇಲಿಂದ ಹಾರಿಸುತ್ತದೆ.' ಹನ್ನೊಂದು ನಿಮಿಷ ಉಳಿದಿತ್ತು.

"ಹಿಮ್ಮಡೀಲಿ ಒಂದು ಬಿಡು ಮಗಾ, ಹಾರುತ್ತೆ!" ಬೇಲಿಗೊರಗಿದ್ದ ಬ್ರಯೋನಿಯ ತಾತ ಕೂಗಿದ. "ಬಿಸಿಲು ಕಾಯಿಸ್ಕೊಳ್ಳಲಿ ಅಂತ ಹುಲ್ಲು ಹಾಕ್ತಿದೀವಾ ಅದಕ್ಕೆ?"

ತಾತ ಹೇಳಿದ್ದು ಸುಳ್ಳಲ್ಲ. ಹನ್ನೆರಡು ವರ್ಷದಿಂದ ಮಕ್ಕಳನ್ನು ಹೊತ್ತು ಹಾರಿದ ಕುದುರೆ ಅದು. ಲಗಾಮು ಎಳೆದದ್ದಕ್ಕೆ ನಿಂತಿತ್ತು, ಅಷ್ಟೆ.

ನೆರಿಡಾ ಹತ್ತಿರ ಹೋಗಿ ಅದರ ಕತ್ತಿನ ಮೇಲೆ ಕೈಯಿಟ್ಟಳು. "ಹಾಗಾದ್ರೆ ಎಷ್ಟೆತ್ತರ ಬೇಕಂತೆ? ಕೇಳು."

ಬ್ರಯೋನಿ ಬಗ್ಗಿ ಅದರ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. "ನೆಲದ ಮೇಲೆ ಇಡಬೇಕಂತೆ. ಆಮೇಲೆ, ಯಾರೂ ನಗಬಾರದಂತೆ."

"ಯಾರು ನಕ್ಕರು ಈಗ?" ಬೇಲಿಯಿಂದ ತಾತ ಕೇಳಿದ.

ನೆರಿಡಾ ಕೋಲನ್ನು ಗೂಟದಿಂದ ತೆಗೆದು ನೆಲಕ್ಕಿಟ್ಟಳು. ಹೀಥರ್ ಅವರ ಪೆನ್ನು ನಿಂತಿತು, ಮತ್ತೆ ಓಡಿತು. ಡ್ಯಾಂಪರ್ ಕೋಲನ್ನು ದಾಟಿತು. ತಿರುಗಿ ಬಂದು ಇನ್ನೊಮ್ಮೆ ದಾಟಿತು. ಆರನೆಯ ಸಲಕ್ಕೆ ಬ್ರಯೋನಿಯ ಮುಷ್ಟಿಗಳು ಎದೆಯಿಂದ ಇಳಿದು ಕುದುರೆಯ ಜೂಲಿನ ಹತ್ತಿರ ಬಂದವು. ಅಷ್ಟರಲ್ಲಿ ಹೊತ್ತು ಮುಗಿದಿತ್ತು.

"ನೀನು ಬರೆದದ್ದೊಂದು, ಮಾಡಿದ್ದೊಂದು ಕಣಮ್ಮಾ," ಹೀಥರ್ ಹಾಳೆ ಕೊಟ್ಟರು. "ಮಗು ಹಾರಿಸಲಿಲ್ಲ. ಪಾಸಿಲ್ಲ ಅಂತ ಬರೀಲೇಬೇಕು ನಾನು. ಏಪ್ರಿಲ್‌ನಲ್ಲಿ ಮತ್ತೆ ಬಾ." ಎರಡು ಹೆಜ್ಜೆ ಹೋಗಿ ತಿರುಗಿದರು. "ಈ ಮಗೂನೇ ಕರ್ಕೊಂಡು ಬಾ."

ನೆರಿಡಾ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟಳು. ತಪ್ಪು ಮಾಡಿದೆನೇನೋ. ಹಿಮ್ಮಡಿಯೇಟು ಕೊಡಿಸಿದ್ದರೆ ಕುದುರೆ ಹಾರುತ್ತಿತ್ತು, ಪಾಸಾಗುತ್ತಿದ್ದೆ. ಜೀನಿನ ಪಟ್ಟಿ ಬಿಚ್ಚುವಾಗ ಬಕಲ್ ಎರಡು ಸಲ ಬೆರಳಿಂದ ಜಾರಿತು. ಪಕ್ಕದಲ್ಲಿ ನಿಂತಿದ್ದ ಬ್ರಯೋನಿ ಆ ಬೆರಳುಗಳನ್ನೇ ನೋಡುತ್ತಿದ್ದಳು.

"ಮಿಸ್, ನಿಮಗೂ ಹೆದರಿಕೆ ಆಗಿತ್ತಾ ಅಂತ ಡ್ಯಾಂಪರ್ ಕೇಳ್ತಿದೆ."

ನೆರಿಡಾ ಸುತ್ತ ಒಮ್ಮೆ ನೋಡಿದಳು. ಆಮೇಲೆ ಬಗ್ಗಿ ಉತ್ತರವನ್ನು ಕುದುರೆಯ ಕಿವಿಯಲ್ಲಿ ಹೇಳಿದಳು. ಆಚೆ ಬದಿಯ ಕಿವಿಗೆ ತನ್ನ ಕಿವಿಯೊತ್ತಿ ಬ್ರಯೋನಿ ಕಾಯುತ್ತಿದ್ದಳು.